ಐಆರ್‌ಎಸ್‌ನ ಐರಿಸ್ ಪೋರ್ಟಲ್: ದುಡ್ಡು ಬೇಡ, ಆದರೆ ನವೆಂಬರ್‌ನಲ್ಲೇ ಬಾಗಿಲು ತಟ್ಟಿ

ಅಮೆರಿಕದಲ್ಲಿ ಸಣ್ಣ ವ್ಯಾಪಾರ ನಡೆಸುವವರಿಗೂ ಕನ್ನಡ ಕೂಟಗಳ ಖಜಾಂಚಿಗಳಿಗೂ ಜನವರಿ ಕೊನೆಯ ವಾರ ಒಂದೇ ತಲೆನೋವು: 1099-ಎನ್‌ಇಸಿ. ನೌಕರರಲ್ಲದವರಿಗೆ, ಅಂದರೆ ಸಂಬಳದ ಪಟ್ಟಿಯಲ್ಲಿಲ್ಲದ ಡಿಸೈನರ್, ಅಕೌಂಟೆಂಟ್, ಫೋಟೋಗ್ರಾಫರ್, ತಬಲಾದವರು, ಸೌಂಡ್ ಸಿಸ್ಟಮ್‌ನವರು, ಇಂಥವರಿಗೆ ವರ್ಷದಲ್ಲಿ ಕೊಟ್ಟ ಸಂಭಾವನೆ ಎಷ್ಟು ಎಂದು ಸರ್ಕಾರಕ್ಕೂ ಅವರಿಗೂ ತಿಳಿಸುವ ಫಾರ್ಮ್ ಇದು. 2019ರ ಲೆಕ್ಕದವರೆಗೆ ಇದೇ ಮೊತ್ತ 1099-ಮಿಸ್ಕ್‌ನ 7ನೇ ಬಾಕ್ಸಿನಲ್ಲಿ ಹೋಗುತ್ತಿತ್ತು. 2020ರಿಂದ ಬೇರೆ ಫಾರ್ಮ್ ಆಯಿತು. ಈ ಫಾರ್ಮನ್ನು ಬಿಟ್ಟಿಯಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಲು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ 2023ರ ಜನವರಿಯಲ್ಲಿ ತೆರೆದದ್ದು ಐರಿಸ್ ಟ್ಯಾಕ್ಸ್‌ಪೇಯರ್ ಪೋರ್ಟಲ್. ಇಲ್ಲಿರುವುದು ಅದರ ವಿಮರ್ಶೆ. ಫಾರ್ಮ್ ಕೈಗೆ ಬಂದವರು ತೆರಿಗೆ ಕಟ್ಟಲು ಬಳಸುವ ಡೈರೆಕ್ಟ್ ಪೇ ಬಗ್ಗೆಯೂ ಕೊನೆಯಲ್ಲಿ ಒಂದಿಷ್ಟು ಇದೆ.

ಮೊದಲೇ ಹೇಳಿಬಿಡುವುದಾದರೆ, ಪೋರ್ಟಲ್ ಚೆನ್ನಾಗಿದೆ. ಐದರಿಂದ ನೂರು ಫಾರ್ಮ್ ಸಲ್ಲಿಸುವವರು ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾದ ಅಗತ್ಯ ಇಲ್ಲ. ಆದರೆ ನೀವು ತುಂಬಿದ್ದನ್ನು ಕಳಿಸುವುದಷ್ಟೇ ಅದರ ಕೆಲಸ. ಸರಿಯಾದ ಹೆಸರು, ಸರಿಯಾದ ನಂಬರು, ಸರಿಯಾದ ಮೊತ್ತ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ತಪ್ಪನ್ನೂ ಅಷ್ಟೇ ನೀಟಾಗಿ ಸಲ್ಲಿಸುತ್ತದೆ.

ಕೂಟದವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ತಿಳಿವಳಿಕೆ "ನಮ್ಮದು ನಾನ್-ಪ್ರಾಫಿಟ್, ನಮಗೆ ಇದೆಲ್ಲ ಅನ್ವಯಿಸಲ್ಲ" ಅನ್ನುವುದು. ಅನ್ವಯಿಸುತ್ತದೆ. ಫಾರ್ಮಿನ ಸೂಚನೆಗಳಲ್ಲೇ ಲಾಭರಹಿತ ಸಂಸ್ಥೆಗಳನ್ನೂ ವ್ಯಾಪಾರದಲ್ಲಿ ತೊಡಗಿದವರೆಂದೇ ಪರಿಗಣಿಸಿದ್ದಾರೆ. ಮನೆಯ ಗೋಡೆಗೆ ಬಣ್ಣ ಬಳಿಸಿದ್ದಕ್ಕೆ ನೀವು ವೈಯಕ್ತಿಕವಾಗಿ ಕೊಟ್ಟ ದುಡ್ಡಿಗೆ ಈ ಫಾರ್ಮ್ ಬೇಡ. ಕೂಟದ ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟಿದವರಿಗೆ ಕೊಟ್ಟಿದ್ದಕ್ಕೆ ಬೇಕು.

ಎಷ್ಟು ಕೊಟ್ಟರೆ ಬೇಕು? 2025ರಲ್ಲಿ ಮಾಡಿದ ಪಾವತಿಗಳಿಗೆ ಒಬ್ಬರಿಗೆ ವರ್ಷಕ್ಕೆ 600 ಡಾಲರ್ ಅಥವಾ ಹೆಚ್ಚು. 2025ರ ಜುಲೈ 4ರಂದು ಸಹಿಯಾದ ಕಾನೂನಿನಿಂದ, 2026ರ ಜನವರಿ 1ರಿಂದ ಮಾಡಿದ ಪಾವತಿಗಳಿಗೆ ಈ ಮಿತಿ 2,000 ಡಾಲರ್‌ಗೆ ಏರಿದೆ. 2027ರಿಂದ ಬೆಲೆಯೇರಿಕೆಗೆ ತಕ್ಕಂತೆ ಬದಲಾಗುತ್ತದೆ. ದಶಕಗಳಿಂದ 600ಕ್ಕೆ ಅಂಟಿಕೊಂಡಿದ್ದ ಸಂಖ್ಯೆ ಕೊನೆಗೂ ಅಲುಗಾಡಿದ್ದು ಖಜಾಂಚಿಗಳಿಗೆ ದೊಡ್ಡ ನಿರಾಳ. ಆದರೆ ಬದಲಾದದ್ದು ಫಾರ್ಮ್ ಕೊಡುವ ಮಿತಿ ಮಾತ್ರ. 1,500 ಡಾಲರ್ ಪಡೆದವರಿಗೆ ಫಾರ್ಮ್ ಬರದೇ ಇರಬಹುದು, ತೆರಿಗೆ ತಪ್ಪುವುದಿಲ್ಲ.

ಕಂಪನಿಗಳಿಗೆ, ಅಂದರೆ ಸಿ ಅಥವಾ ಎಸ್ ಕಾರ್ಪೊರೇಷನ್‌ಗಳಿಗೆ, ಸಾಮಾನ್ಯವಾಗಿ ಈ ಫಾರ್ಮ್ ಬೇಡ. ವಕೀಲರ ಫೀಸು ಇದಕ್ಕೆ ಅಪವಾದ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟದ್ದನ್ನೂ ಸೇರಿಸಬಾರದು, ಅದನ್ನು 1099-ಕೆ ಫಾರ್ಮಿನ ನಿಯಮದಂತೆ ಕಾರ್ಡ್ ಸಂಸ್ಥೆಯವರು ನೋಡಿಕೊಳ್ಳುತ್ತಾರೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಝೆಲ್‌ನಲ್ಲಿ ಕಳಿಸಿದ್ದು ಮಾತ್ರ ಚೆಕ್ ಕೊಟ್ಟ ಹಾಗೇ ಲೆಕ್ಕ: ಝೆಲ್ 1099-ಕೆ ಕೊಡುವುದಿಲ್ಲ, ಆದ್ದರಿಂದ ಫಾರ್ಮ್ ಕೊಡುವ ಹೊಣೆ ನಿಮ್ಮದೇ. ಕೂಟಗಳು ಈಗ ಹೆಚ್ಚುಕಡಿಮೆ ಎಲ್ಲರಿಗೂ ಝೆಲ್ ಮಾಡುವುದರಿಂದ ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು.

ಪೋರ್ಟಲ್‌ನ ಒಳಗೆ ಹೋಗುವುದೇ ದೊಡ್ಡ ಕೆಲಸ

ಐರಿಸ್‌ನ ಅತಿ ದೊಡ್ಡ ಕೊರತೆ ಅದರ ಹೊಸ್ತಿಲಲ್ಲೇ ಇದೆ. ಐಡಿ.ಮಿ ಎಂಬ ಖಾಸಗಿ ಸೇವೆಯ ಮೂಲಕ ಗುರುತು ದೃಢಪಡಿಸಿ ಲಾಗಿನ್ ಆಗುವುದು ಮೊದಲ ಹೆಜ್ಜೆ. ಅದು ಒಂದು ಸಂಜೆಯ ಕೆಲಸ. ಆಮೇಲೆ ಸಂಸ್ಥೆಯ ಇಐಎನ್ (ತೆರಿಗೆ ಗುರುತಿನ ಸಂಖ್ಯೆ) ಕೊಟ್ಟು, ಫಾರ್ಮ್ ಸಲ್ಲಿಸಲು ಅನುಮತಿಯಂತಿರುವ ಟಿಸಿಸಿ ಎಂಬ ಐದು ಅಕ್ಷರದ ಸಂಕೇತಕ್ಕೆ ಅರ್ಜಿ ಹಾಕಬೇಕು. ಐರಿಸ್‌ನ ಟಿಸಿಸಿ ಇಂಗ್ಲಿಷಿನ ಡಿ ಅಕ್ಷರದಿಂದ ಶುರುವಾಗುತ್ತದೆ. ಇದೇ ಕೆಲಸಕ್ಕಿರುವ ಹಳೆಯ ಫೈರ್ ವ್ಯವಸ್ಥೆಯ ಟಿಸಿಸಿ ಇದ್ದವರು ಅದೇ ಇಲ್ಲೂ ನಡೆಯುತ್ತದೆ ಅಂದುಕೊಳ್ಳುತ್ತಾರೆ. ನಡೆಯುವುದಿಲ್ಲ, ಹೊಸದಾಗಿ ಅರ್ಜಿ ಹಾಕಲೇಬೇಕು. ಫೈರ್ ಅನ್ನು 2026ರ ಕೊನೆಗೆ ನಿಲ್ಲಿಸುವ ಗುರಿ ಇದೆಯೆಂದು ಐಆರ್‌ಎಸ್ ಹೇಳಿರುವುದರಿಂದ ಅಲ್ಲಿದ್ದವರೂ ಇತ್ತ ಬರುವುದು ಅನಿವಾರ್ಯ.

ಅರ್ಜಿ ಮಂಜೂರಾಗಲು 45 ದಿನದವರೆಗೆ ಹಿಡಿಯಬಹುದು. ಜನವರಿ 20ಕ್ಕೆ ನೆನಪಾಗಿ ಪೋರ್ಟಲ್ ತೆರೆದವರ ಕಥೆ ಅಲ್ಲಿಗೇ ಮುಗಿಯಿತು. ನವೆಂಬರ್ ಮೊದಲ ವಾರ ಅರ್ಜಿ ಹಾಕಿದರೆ ಉಸಿರಾಡಲು ಜಾಗ ಇರುತ್ತದೆ. ಅರ್ಜಿಯಲ್ಲಿ ಪಾತ್ರ ಕೇಳುತ್ತಾರೆ: ನಿಮ್ಮ ಸಂಸ್ಥೆಯ ಫಾರ್ಮ್‌ಗಳನ್ನಷ್ಟೇ ಸಲ್ಲಿಸುವುದಾದರೆ ಇಶ್ಯೂಯರ್, ಬೇರೆಯವರ ಪರವಾಗಿಯೂ ಸಲ್ಲಿಸುವ ಅಕೌಂಟೆಂಟ್ ಆದರೆ ಟ್ರಾನ್ಸ್‌ಮಿಟರ್.

ಇಲ್ಲಿ ಕೂಟಗಳು ಮುಗ್ಗರಿಸುವ ಜಾಗ ಒಂದಿದೆ. ಒಬ್ಬರೇ ಮಾಲೀಕರ ವ್ಯಾಪಾರ ಅಲ್ಲದಿದ್ದರೆ ಕನಿಷ್ಠ ಇಬ್ಬರು ಜವಾಬ್ದಾರ ಅಧಿಕಾರಿಗಳನ್ನು ಹೆಸರಿಸಬೇಕು. ಇಬ್ಬರೂ ತಮ್ಮ ತಮ್ಮ ಐಡಿ.ಮಿ ಖಾತೆಯಿಂದ ಒಳಗೆ ಬಂದು, ತಮ್ಮದೇ ಐದಂಕಿಯ ಪಿನ್ ಹಾಕಿ ಸಹಿ ಮಾಡಿದ ಮೇಲಷ್ಟೇ ಅರ್ಜಿ ಮುಂದಕ್ಕೆ ಹೋಗುತ್ತದೆ. ಖಜಾಂಚಿ ಸಹಿ ಮಾಡಿ ನಿಶ್ಚಿಂತೆಯಿಂದ ಇರುತ್ತಾರೆ. ಅಧ್ಯಕ್ಷರು ಊರಿಗೆ ಹೋಗಿರುತ್ತಾರೆ. ಅರ್ಜಿ ಸಹಿಗಾಗಿ ಕಾಯುತ್ತಾ ಕೂತಿರುತ್ತದೆ. ಆ 45 ದಿನದ ಗಡಿಯಾರ ಓಡಲು ಶುರುವಾಗುವುದೇ ಎರಡನೆಯ ಸಹಿ ಬಿದ್ದ ಮೇಲೆ. ಇನ್ನೊಂದು: ಕೂಟದಲ್ಲಿ ಪ್ರತಿ ವರ್ಷ ಕಮಿಟಿ ಬದಲಾಗುತ್ತದೆ. ಹೊಸಬರನ್ನು ಅರ್ಜಿಗೆ ಸೇರಿಸದೆ ಹಳಬರು ಹೊರಟುಹೋದರೆ ಮುಂದಿನ ಜನವರಿಯಲ್ಲಿ ಒಳಗೆ ಹೋಗುವವರೇ ಇರುವುದಿಲ್ಲ. ಅಧಿಕಾರ ಹಸ್ತಾಂತರದ ದಿನ ಬ್ಯಾಂಕ್ ಸಹಿ ಬದಲಿಸುವ ಹಾಗೆ ಇದನ್ನೂ ಬದಲಿಸಿ.

ಕಾಗದದ ಫಾರ್ಮ್ ಕಳಿಸಿದರಾಯಿತು ಅನ್ನುವವರಿಗೆ: ಡಬ್ಲ್ಯು-2 (ನೌಕರರ ಸಂಬಳದ ಫಾರ್ಮ್), ಎಲ್ಲ ಬಗೆಯ 1099 ಎಲ್ಲ ಒಟ್ಟು ಸೇರಿಸಿ ಹತ್ತು ಅಥವಾ ಹೆಚ್ಚಾದರೆ ಆನ್‌ಲೈನ್ ಕಡ್ಡಾಯ. 2024ರ ಜನವರಿಯಿಂದ ಈ ನಿಯಮ. ನಾಲ್ಕು ಡಬ್ಲ್ಯು-2, ಆರು ಎನ್‌ಇಸಿ ಇದ್ದರೂ ಹತ್ತಾಯಿತು. ಹತ್ತಕ್ಕಿಂತ ಕಡಿಮೆ ಇದ್ದು ಕಾಗದದಲ್ಲೇ ಕಳಿಸುವುದಾದರೆ ಕೆಂಪು ಶಾಯಿಯ ಅಸಲಿ ಎ ಪ್ರತಿಯೇ ಬೇಕು. ವೆಬ್‌ಸೈಟಿನಿಂದ ಪ್ರಿಂಟ್ ತೆಗೆದದ್ದು ಅವರ ಸ್ಕ್ಯಾನರ್‌ಗೆ ಹಿಡಿಸುವುದಿಲ್ಲ. ಜೊತೆಗೆ 1096 ಎಂಬ ಮುಖಪುಟದ ಫಾರ್ಮ್ ಬೇರೆ.

ಒಳಗೆ ಹೋದ ಮೇಲೆ

ಇಲ್ಲಿಂದ ಮುಂದೆ ಐರಿಸ್ ನಿಜಕ್ಕೂ ಸಲೀಸು. ಒಂದೊಂದೇ ಫಾರ್ಮ್ ಕೈಯಲ್ಲಿ ತುಂಬಬಹುದು, ಇಲ್ಲವೇ ಅವರೇ ಕೊಡುವ ಸಿಎಸ್‌ವಿ ನಮೂನೆ ಇಳಿಸಿಕೊಂಡು ಒಂದು ಸಲಕ್ಕೆ 100 ಫಾರ್ಮ್‌ವರೆಗೆ ಅಪ್‌ಲೋಡ್ ಮಾಡಬಹುದು. ಹತ್ತಕ್ಕಿಂತ ಕಡಿಮೆ ಇದ್ದರೆ ಕೈಯಲ್ಲಿ ತುಂಬುವುದೇ ವಾಸಿ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದ ಕ್ಷಣ ಅದು ತನ್ನ ಜಾಣತನ ತೋರಿಸುತ್ತದೆ: ನ್ಯೂಜೆರ್ಸಿಯ ಎಡಿಸನ್‌ನ 08820 ಎಂಬ ಪಿನ್‌ಕೋಡ್ 8820 ಆಗಿ ಕೂರುತ್ತದೆ, ಸೊನ್ನೆಯಿಂದ ಶುರುವಾಗುವ ಸೋಶಿಯಲ್ ಸೆಕ್ಯುರಿಟಿ ನಂಬರು (ಎಸ್‌ಎಸ್‌ಎನ್) ಎಂಟೇ ಅಂಕಿಯಾಗುತ್ತದೆ. ಕಡತ ತೆರೆಯುವಾಗಲೇ ಆ ಕಾಲಮ್‌ಗಳನ್ನು ಟೆಕ್ಸ್ಟ್ ಎಂದು ಗೊತ್ತುಮಾಡಿಕೊಳ್ಳಿ. ತಲೆಸಾಲನ್ನು ಮುಟ್ಟಬೇಡಿ, ಕಾಲಮ್‌ಗಳ ಕ್ರಮ ಬದಲಿಸಬೇಡಿ.

ಹೆಸರಿನ ವಿಷಯ ನಮ್ಮವರಿಗೆ ವಿಶೇಷವಾಗಿ ಕಾಡುತ್ತದೆ. ವ್ಯಕ್ತಿಗಳಾದರೆ ಐಆರ್‌ಎಸ್ ತಾಳೆ ನೋಡುವುದು ಎಸ್‌ಎಸ್‌ಎನ್ ಜೊತೆಗೆ ಲಾಸ್ಟ್ ನೇಮ್‌ನ ಮೊದಲ ನಾಲ್ಕು ಅಕ್ಷರಗಳನ್ನು. ಮನೆಹೆಸರಿಲ್ಲದ, ಇನಿಷಿಯಲ್ ಮಾತ್ರ ಇರುವ ನಮ್ಮ ಕಡೆಯ ಹೆಸರುಗಳು ಪಾಸ್‌ಪೋರ್ಟಿನಲ್ಲಿ ಹಿಗ್ಗಿ, ಒಬ್ಬರಿಗೆ ತಂದೆಯ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರಿಗೆ ಅವರದೇ ಹೆಸರು ಲಾಸ್ಟ್ ನೇಮ್ ಆಗಿ ಕೂತಿರುತ್ತದೆ. ಕಾರ್ಯಕ್ರಮದ ಕರಪತ್ರದಲ್ಲಿ ಇರುವ ಹೆಸರನ್ನೇ ತುಂಬಿದರೆ ತಾಳೆ ಬೀಳುವುದಿಲ್ಲ. ಎಸ್‌ಎಸ್‌ಎನ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಬೇಕು.

ಅದಕ್ಕೇ ಡಬ್ಲ್ಯು-9, ಅಂದರೆ ದುಡ್ಡು ಪಡೆಯುವವರು ತಮ್ಮ ಹೆಸರು, ನಂಬರು ಬರೆದುಕೊಡುವ ಫಾರ್ಮ್. ದುಡ್ಡು ಕೊಡುವ ಮುಂಚೆ, ಚೆಕ್ ಇನ್ನೂ ನಿಮ್ಮ ಜೇಬಲ್ಲಿ ಇರುವಾಗ, ಇದನ್ನು ತುಂಬಿಸಿಕೊಳ್ಳಿ. ಜನವರಿಯಲ್ಲಿ ಫೋನ್ ಮಾಡಿ ಕೇಳಿದರೆ ಎತ್ತುವವರು ಕಡಿಮೆ. ಫಾರ್ಮ್ ಕೈಗೆ ಬಂದ ಮೇಲೆ ಎರಡು ಸಾಲು ನೋಡಿ. 3ಎ ಸಾಲಿನಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಸಂಸ್ಥೆ) ಎಂದು ಟಿಕ್ ಮಾಡಿದ್ದರೆ ಪಕ್ಕದಲ್ಲಿ ಸಿ, ಎಸ್ (ಕಾರ್ಪೊರೇಷನ್) ಅಥವಾ ಪಿ (ಪಾಲುದಾರಿಕೆ) ಎಂದು ಬರೆದಿರಬೇಕು. ಸಿ ಅಥವಾ ಎಸ್ ಆದರೆ ಎನ್‌ಇಸಿ ಬೇಡ, ಪಿ ಆದರೆ ಬೇಕು. ಒಬ್ಬರೇ ಸದಸ್ಯರಿರುವ, ಪ್ರತ್ಯೇಕ ತೆರಿಗೆ ಇಲ್ಲದ ಎಲ್‌ಎಲ್‌ಸಿ ಆದರೆ ಮೊದಲ ಸಾಲಿನಲ್ಲಿ ಮಾಲೀಕರ ಹೆಸರು, ಎರಡನೆಯದರಲ್ಲಿ ಅಂಗಡಿಯ ಹೆಸರು, ನಂಬರು ಮಾಲೀಕರದ್ದು. ಅಂಗಡಿಯ ಹೆಸರು ಮೇಲೆ ಬರೆದು ಮಾಲೀಕರ ಎಸ್‌ಎಸ್‌ಎನ್ ಕೆಳಗೆ ಹಾಕಿದ ಡಬ್ಲ್ಯು-9ಗಳೇ ತಾಳೆ ತಪ್ಪುವುದಕ್ಕೆ ಮಾಮೂಲಿ ಕಾರಣ.

ನಂಬರ್ ಕೊಡಲು ಒಪ್ಪದಿದ್ದರೆ 24% ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕಾಗುತ್ತದೆ. ಇದು ಬ್ಯಾಕಪ್ ವಿತ್‌ಹೋಲ್ಡಿಂಗ್. 3,000 ಡಾಲರ್ ಸಂಭಾವನೆಯಾದರೆ 720 ಸರ್ಕಾರಕ್ಕೆ, 2,280 ಅವರ ಕೈಗೆ. ಹಿಡಿದದ್ದನ್ನು 4ನೇ ಬಾಕ್ಸಿನಲ್ಲಿ ತೋರಿಸಿ, ಫಾರ್ಮ್ 945ರಲ್ಲಿ ಲೆಕ್ಕ ಕೊಡಬೇಕು. ಹೀಗೆಂದು ನಯವಾಗಿ ತಿಳಿಸಿದರೆ ಡಬ್ಲ್ಯು-9 ಸಾಮಾನ್ಯವಾಗಿ ಅದೇ ಸಂಜೆ ಬರುತ್ತದೆ.

ಹೆಸರು-ನಂಬರು ತಾಳೆ ನೋಡುವ ಸೌಲಭ್ಯ ಐರಿಸ್‌ನಲ್ಲಿ ಇಲ್ಲದಿರುವುದು ಎರಡನೆಯ ದೊಡ್ಡ ಕೊರತೆ. ಐಆರ್‌ಎಸ್‌ನ ಟಿನ್ ಮ್ಯಾಚಿಂಗ್ ಸೇವೆ ಬೇರೆ ಕಡೆ ಇದೆ, ಅದೂ ಬಿಟ್ಟಿ, ಒಂದು ಸಲಕ್ಕೆ 25 ಹೆಸರು ಕೈಯಲ್ಲಿ ಹಾಕಿ ನೋಡಬಹುದು. ಹಿಂದಿನ ಎರಡು ವರ್ಷದಲ್ಲಿ ಇಂಥ ಫಾರ್ಮ್ ಸಲ್ಲಿಸಿದ ದಾಖಲೆ ಇರುವವರಿಗಷ್ಟೇ ಅದು ಸಿಗುತ್ತದೆ. ಮೊದಲ ಸಲ ಸಲ್ಲಿಸುವವರಿಗೆ, ಅಂದರೆ ಹೆಚ್ಚು ತಪ್ಪು ಮಾಡುವವರಿಗೆ, ಇಲ್ಲ. ಸರ್ಕಾರಿ ತರ್ಕ!

ಮೊತ್ತ ತುಂಬುವಾಗ ಪ್ರಯಾಣ ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಕಲಾವಿದರು ವಿಮಾನದ ಟಿಕೆಟ್, ಹೋಟೆಲಿನ ರಸೀದಿ ಒಪ್ಪಿಸಿ ಅಷ್ಟೇ ಹಣ ಪಡೆದಿದ್ದರೆ ಅದನ್ನು ಸೇರಿಸಬೇಕಿಲ್ಲ. ರಸೀದಿ ಇಲ್ಲದೆ "ಎಲ್ಲಾ ಸೇರಿ 2,500" ಎಂದು ಕೊಟ್ಟಿದ್ದರೆ ಅಷ್ಟೂ 1ನೇ ಬಾಕ್ಸಿಗೆ. ಸ್ಪರ್ಧೆಯ ಬಹುಮಾನ ಎನ್‌ಇಸಿಗೆ ಬರುವುದಿಲ್ಲ, ಅದು 1099-ಮಿಸ್ಕ್. ತೀರ್ಪುಗಾರರಿಗೆ ಕೊಟ್ಟ ಗೌರವಧನ ಬರುತ್ತದೆ. ಗಿಫ್ಟ್ ಕಾರ್ಡ್ ರೂಪದಲ್ಲಿ ಕೊಟ್ಟರೂ ಬರುತ್ತದೆ.

ಕರ್ನಾಟಕದಿಂದ ಬಂದು ಇಲ್ಲಿ ಹಾಡಿ ಹೋದ ಕಲಾವಿದರಿಗೆ ಎನ್‌ಇಸಿ ಕೊಡುವುದು ಪೂರಾ ತಪ್ಪು. ಅವರು ಇಲ್ಲಿನ ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳು, ಕೆಲಸ ನಡೆದದ್ದು ಅಮೆರಿಕದ ನೆಲದಲ್ಲಿ. ಅವರದ್ದು ಡಬ್ಲ್ಯು-8 ಬಗೆಯ ಫಾರ್ಮ್, ಸಾಮಾನ್ಯ ನಿಯಮದಂತೆ 30% ಹಿಡಿತ, 1042-ಎಸ್ ವರದಿ, ಗಡುವು ಮಾರ್ಚ್ 15. ಭಾರತ-ಅಮೆರಿಕ ತೆರಿಗೆ ಒಪ್ಪಂದದ ವಿನಾಯಿತಿ ಇದೆಯೇ ಎಂದು ಸಂಭಾವನೆ ಮಾತಾಡುವಾಗಲೇ ಸಿಪಿಎ (ಪರವಾನಗಿ ಪಡೆದ ಅಕೌಂಟೆಂಟ್) ಹತ್ತಿರ ಕೇಳಿ. ಕೊಟ್ಟು ಕಳಿಸಿದ ಮೇಲೆ ಆ 30% ಕೂಟದ ಖಾತೆಯಿಂದಲೇ ಹೋಗುವ ಅಪಾಯ ಇದೆ. ಬೆಂಗಳೂರಿನಲ್ಲೇ ಕೂತು ನಿಮ್ಮ ವೆಬ್‌ಸೈಟ್ ಮಾಡಿಕೊಟ್ಟ ಭಾರತದ ನಿವಾಸಿಗೆ ಮಾತ್ರ ಎರಡೂ ಬೇಡ. ಡಬ್ಲ್ಯು-8ಬೆನ್ ತುಂಬಿಸಿ ಕಡತದಲ್ಲಿ ಇಟ್ಟುಕೊಂಡರೆ ಸಾಕು.

ಸಲ್ಲಿಸಿದ ಕೂಡಲೇ ಒಂದು ರಸೀದಿ ಸಂಖ್ಯೆ ಬರುತ್ತದೆ. ಅದು ಬಂದಿತೆಂದರೆ ಕೆಲಸ ಮುಗಿಯಿತು ಎಂದಲ್ಲ. ಸ್ವಲ್ಪ ಹೊತ್ತು ಅಥವಾ ಮರುದಿನ ಮತ್ತೆ ಒಳಗೆ ಹೋಗಿ ಸ್ಥಿತಿ ನೋಡಿ. ಸ್ವೀಕೃತ ಎಂದಿದ್ದರೆ ಸರಿ. ದೋಷಗಳೊಂದಿಗೆ ಸ್ವೀಕೃತ ಎಂದಿದ್ದರೆ ತಿದ್ದುಪಡಿ ಹಾಕಬೇಕು. ತಿರಸ್ಕೃತ ಎಂದಿದ್ದರೆ ಸಲ್ಲಿಸಿದ ಹಾಗೇ ಅಲ್ಲ. ಮೊತ್ತ ತಪ್ಪಿದ್ದರೆ ತಿದ್ದುಪಡಿಯನ್ನೂ ಇಲ್ಲೇ ಮಾಡಬಹುದು, ಅದು ಈ ಪೋರ್ಟಲ್‌ನ ಒಳ್ಳೆಯ ಗುಣ. ಪಡೆದವರ ಪ್ರತಿಗಳ ಪಿಡಿಎಫ್ ಇಳಿಸಿಕೊಳ್ಳಬಹುದು, ಆದರೆ ಐರಿಸ್ ಅದನ್ನು ಅವರಿಗೆ ಅಂಚೆಯಲ್ಲಿ ಕಳಿಸುವುದಿಲ್ಲ. ಲಕೋಟೆ, ಸ್ಟಾಂಪ್ ನಿಮ್ಮದೇ. ದುಡ್ಡು ತೆಗೆದುಕೊಳ್ಳುವ ಖಾಸಗಿ ಸೇವೆಗಳು ಪ್ರತಿ ಫಾರ್ಮಿಗೆ ಕೆಲವು ಡಾಲರ್ ಕೇಳಿ ಮಾಡಿಕೊಡುವುದು ಮುಖ್ಯವಾಗಿ ಇದನ್ನೇ: ಅಂಚೆ, ತಾಳೆ, ರಾಜ್ಯದ ಸಲ್ಲಿಕೆ. ಟಿಸಿಸಿ ತಡವಾದವರಿಗೆ ಆ ದುಡ್ಡು ದಂಡಕ್ಕಿಂತ ಅಗ್ಗ.

ರಾಜ್ಯಗಳ ಪ್ರತಿ ಒಂದು ಗೋಜಲು. ಕೆಲವು ರಾಜ್ಯಗಳು ಐಆರ್‌ಎಸ್ ಮೂಲಕ ಹೋದದ್ದನ್ನು ಒಪ್ಪುತ್ತವೆ, ಕೆಲವಕ್ಕೆ ನೇರವಾಗಿ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದರ ಮೇಲೆ ಡಿಇ 542 ಎಂಬ ಇನ್ನೊಂದು ವರದಿ ಇದೆ. ಪಾವತಿ ಅಥವಾ ಒಪ್ಪಂದ ಮಿತಿ ಮುಟ್ಟಿದ 20 ದಿನದೊಳಗೆ ಆ ರಾಜ್ಯದ ಉದ್ಯೋಗ ಇಲಾಖೆಯಾದ ಇಡಿಡಿಗೆ ಹೋಗಬೇಕು. ಜನವರಿಯವರೆಗೆ ಕಾಯುವ ಹಾಗಿಲ್ಲ.

ಗಡುವು ಜನವರಿ 31, ಪಡೆದವರಿಗೂ ಐಆರ್‌ಎಸ್‌ಗೂ ಒಂದೇ ದಿನ. ವಾರಾಂತ್ಯ ಬಿದ್ದರೆ ಮುಂದಿನ ಕೆಲಸದ ದಿನ. ಗಡುವು ವಿಸ್ತರಣೆ ಬೇರೆ 1099ಗಳಿಗೆ ಸಿಗುವ ಹಾಗೆ ಕೇಳಿದ ಕೂಡಲೇ ಎನ್‌ಇಸಿಗೆ ಸಿಗುವುದಿಲ್ಲ. 2026ರಲ್ಲಿ ಸಲ್ಲಿಸಬೇಕಾದ ಫಾರ್ಮ್‌ಗಳಿಗೆ ದಂಡ ಹೀಗಿದೆ: 30 ದಿನದೊಳಗೆ ತಡವಾದರೆ ತಲಾ 60 ಡಾಲರ್, ಆಗಸ್ಟ್ 1ರೊಳಗೆ 130, ಆಮೇಲೆ 340. ಬೇಕೆಂದೇ ಬಿಟ್ಟದ್ದು ಎಂದು ಕಂಡರೆ 680. ಸರ್ಕಾರಕ್ಕೆ ಕೊಡದ್ದಕ್ಕೆ ಒಂದು ದಂಡ, ಪಡೆದವರಿಗೆ ಕೊಡದ್ದಕ್ಕೆ ಇನ್ನೊಂದು. ಐದು ಫಾರ್ಮ್ ಪೂರಾ ಮರೆತರೆ ಎರಡೂ ಸೇರಿ 3,400 ಡಾಲರ್. ಒಂದು ಯುಗಾದಿ ಕಾರ್ಯಕ್ರಮದ ಊಟದ ಖರ್ಚು.

ಫಾರ್ಮ್ ಕೈಗೆ ಬಂದವರಿಗೆ

ಭಾರತದಲ್ಲಿ ಕನ್ಸಲ್ಟಿಂಗ್ ಮಾಡಿದವರಿಗೆ 10% ಟಿಡಿಎಸ್ ಕಡಿದು ಉಳಿದದ್ದು ಕೈಗೆ ಬರುವ ಅಭ್ಯಾಸ. ಎನ್‌ಇಸಿಯಲ್ಲಿ ಸಾಮಾನ್ಯವಾಗಿ ಏನೂ ಕಡಿದಿರುವುದಿಲ್ಲ, ಪೂರ್ತಿ ಹಣ ಬರುತ್ತದೆ, ಖರ್ಚೂ ಆಗುತ್ತದೆ. ಏಪ್ರಿಲ್‌ನಲ್ಲಿ ಬಿಸಿ ಮುಟ್ಟುತ್ತದೆ.

ಭರತನಾಟ್ಯ ಕಲಿಸುವವರೊಬ್ಬರಿಗೆ ವರ್ಷಕ್ಕೆ 9,000 ಡಾಲರ್ ಬಂದು, ಹಾಲ್ ಬಾಡಿಗೆ, ಸಂಗೀತದ ಉಪಕರಣ, ಓಡಾಟ ಸೇರಿ 2,000 ಖರ್ಚಾಯಿತು ಅನ್ನಿ. ಷೆಡ್ಯೂಲ್ ಸಿಯಲ್ಲಿ, ಅಂದರೆ ರಿಟರ್ನ್‌ನ ವ್ಯಾಪಾರದ ಲಾಭ-ನಷ್ಟದ ಪುಟದಲ್ಲಿ, ಉಳಿಯುವುದು 7,000. ಇದರ 92.35%, ಅಂದರೆ 6,464.50ಕ್ಕೆ 15.3% ಸ್ವಯಂ ಉದ್ಯೋಗ ತೆರಿಗೆ: ಸುಮಾರು 989 ಡಾಲರ್. ಇದು ಸೋಶಿಯಲ್ ಸೆಕ್ಯುರಿಟಿ ಪಿಂಚಣಿಯ 12.4%, ಮೆಡಿಕೇರ್ ಎಂಬ ಹಿರಿಯರ ಆರೋಗ್ಯ ವಿಮೆಯ 2.9% ಸೇರಿದ ಲೆಕ್ಕ. ನೌಕರರಾಗಿದ್ದರೆ ಅರ್ಧ ಮಾಲೀಕರು ಕಟ್ಟುತ್ತಿದ್ದರು. ಈ 989ರ ಅರ್ಧವನ್ನು ಆದಾಯದಿಂದ ಕಳೆಯಬಹುದು. ಇದಲ್ಲದೆ ಮಾಮೂಲಿ ಆದಾಯ ತೆರಿಗೆ ಬೇರೆ. ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಸಾಕು ಈ ತೆರಿಗೆ ಶುರು. ಆ 400 ಎಲ್ಲೂ 2,000 ಆಗಿಲ್ಲ. ಖರ್ಚಿನ ಲೆಕ್ಕದಲ್ಲಿ ಕಾರಿನ ಓಡಾಟಕ್ಕೆ 2025ರಲ್ಲಿ ಮೈಲಿಗೆ 70 ಸೆಂಟ್, ಮನೆಯಲ್ಲಿ ಕೆಲಸಕ್ಕಷ್ಟೇ ಬಳಸುವ ಕೋಣೆಗೆ ಸರಳ ವಿಧಾನದಲ್ಲಿ ಚದರಡಿಗೆ 5 ಡಾಲರ್, 300 ಚದರಡಿವರೆಗೆ.

ಎಚ್-4 ವೀಸಾದಲ್ಲಿದ್ದು (ಎಚ್-1ಬಿಯವರ ಸಂಗಾತಿ) ಇಎಡಿ ಎಂಬ ಕೆಲಸದ ಪರವಾನಗಿ ಇರುವವರು ಹೀಗೆ ದುಡಿಯಬಹುದು. ಎಚ್-1ಬಿಯವರು ತಮ್ಮ ಕಂಪನಿಯ ಹೊರಗೆ ಎನ್‌ಇಸಿ ಕೆಲಸ ಹಿಡಿದರೆ ತೆರಿಗೆಗಿಂತ ದೊಡ್ಡ ತೊಂದರೆ ವೀಸಾದ್ದು. ಎಫ್-1 ವೀಸಾದ ಒಪಿಟಿಯಲ್ಲಿ, ಅಂದರೆ ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸದ ಅನುಮತಿಯಲ್ಲಿ, ಇನ್ನೂ ಅನಿವಾಸಿ ಲೆಕ್ಕದಲ್ಲಿರುವ ವಿದ್ಯಾರ್ಥಿಗಳಿಗೆ ಸ್ವಯಂ ಉದ್ಯೋಗ ತೆರಿಗೆ ಬೀಳುವುದಿಲ್ಲ. ನಿವಾಸಿಗಳಿಗೆ ಮಾಡಿದ ಸಾಫ್ಟ್‌ವೇರ್ ಬಳಸಿದರೆ ಅದು ತಾನಾಗಿ ಸೇರಿಸಿಬಿಡುತ್ತದೆ, ನೋಡಿಕೊಳ್ಳಿ.

ವರ್ಷದ ಕೊನೆಗೆ 1,000 ಡಾಲರ್ ಅಥವಾ ಹೆಚ್ಚು ಬಾಕಿ ಬರುವ ಹಾಗಿದ್ದರೆ ನಾಲ್ಕು ಕಂತಿನಲ್ಲಿ ಮುಂಗಡ ಕಟ್ಟಬೇಕು: ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮುಂದಿನ ಜನವರಿ 15. ಹಿಂದಿನ ವರ್ಷದ ಒಟ್ಟು ತೆರಿಗೆಯಷ್ಟು, ಆದಾಯ 1,50,000 ಡಾಲರ್ ಮೀರಿದ್ದರೆ ಅದರ 110%, ಕಟ್ಟಿದ್ದರೆ ದಂಡ ಇಲ್ಲ. ಗಂಡ ಅಥವಾ ಹೆಂಡತಿಗೆ ಸಂಬಳದ ಕೆಲಸ ಇದ್ದರೆ ಇನ್ನೂ ಸುಲಭದ ದಾರಿ ಇದೆ: ಅವರು ತಮ್ಮ ಕಂಪನಿಗೆ ಕೊಡುವ ಡಬ್ಲ್ಯು-4 ಫಾರ್ಮಿನ 4(ಸಿ) ಸಾಲಿನಲ್ಲಿ ಪ್ರತಿ ಸಂಬಳಕ್ಕೆ ಇಂತಿಷ್ಟು ಹೆಚ್ಚು ಹಿಡಿಯಿರಿ ಎಂದು ಬರೆದುಬಿಡುವುದು. ಸಂಬಳದಿಂದ ಹಿಡಿದದ್ದನ್ನು ವರ್ಷಪೂರ್ತಿ ಸಮವಾಗಿ ಕಟ್ಟಿದ ಹಾಗೆ ಎಣಿಸುತ್ತಾರೆ, ಅಕ್ಟೋಬರ್‌ನಲ್ಲಿ ಎಚ್ಚರವಾದರೂ ಸರಿಹೋಗುತ್ತದೆ.

ಕಂತು ಕಟ್ಟಲು ಡೈರೆಕ್ಟ್ ಪೇ ಸಾಕು. ನೋಂದಣಿ ಬೇಡ, ಶುಲ್ಕ ಇಲ್ಲ, ಬ್ಯಾಂಕ್ ಖಾತೆಯಿಂದ ನೇರ. ಗುರುತು ಪರೀಕ್ಷೆಗೆ ಹಿಂದಿನ ಯಾವುದಾದರೊಂದು ವರ್ಷದ ರಿಟರ್ನ್‌ನ ವಿವರ ಕೇಳುತ್ತದೆ. ವಿಳಾಸ ಈಗಿನದ್ದಲ್ಲ, ಆ ವರ್ಷದ ರಿಟರ್ನ್‌ನಲ್ಲಿ ಇದ್ದದ್ದು. ಮನೆ ಬದಲಿಸಿದವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಅಮೆರಿಕದಲ್ಲಿ ಇನ್ನೂ ಒಂದೂ ರಿಟರ್ನ್ ಸಲ್ಲಿಸದ ಹೊಸಬರಿಗೆ ಈ ಬಾಗಿಲು ತೆರೆಯುವುದೇ ಇಲ್ಲ. ಕಾರಣ ಕೇಳುವಲ್ಲಿ ಎಸ್ಟಿಮೇಟೆಡ್ ಟ್ಯಾಕ್ಸ್, ಫಾರ್ಮ್ ಕೇಳುವಲ್ಲಿ 1040-ಇಎಸ್ ಆರಿಸಿ. ಜನವರಿ 15ರ ಕಂತಿಗೆ ವರ್ಷದ ಪಟ್ಟಿಯಲ್ಲಿ ಹಿಂದಿನ ವರ್ಷ ಒತ್ತಬೇಕು. ಹೊಸ ವರ್ಷ ಒತ್ತಿದರೆ ಹಣ ಹೋಗಿರುತ್ತದೆ, ಹಿಂದಿನ ವರ್ಷದ ನಾಲ್ಕನೆಯ ಕಂತು ಮಾತ್ರ ಕಟ್ಟಿಲ್ಲ ಎಂದೇ ತೋರಿಸುತ್ತದೆ. ಮುಂದಿನ ತಾರೀಕಿಗೆ ಗೊತ್ತುಮಾಡಿದ ಪಾವತಿಯನ್ನು ಎರಡು ಕೆಲಸದ ದಿನ ಮುಂಚಿನವರೆಗೆ ರದ್ದು ಮಾಡಬಹುದು. ಅದಕ್ಕೆ ದೃಢೀಕರಣ ಸಂಖ್ಯೆ ಬೇಕು, ಪರದೆಯ ಮೇಲೆ ಬಂದ ಕೂಡಲೇ ಇಮೇಲ್‌ಗೆ ಕಳಿಸಿಕೊಳ್ಳಿ.